ಟೆಂಡರ್ ಪೆಟ್ಟಿಗೆ ಹೋಯ್ತು, ಡ್ರಾಯರ್ ಬಂತು!

ಹಳೇ ಪಿ.ಬಿ. ರಸ್ತೆಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇದೆ. ಹೆಸರು ಬೇಡ. ಅಂಗಡಿಯವನು ಹೊಟ್ಟೆಪಾಡಿನವನು, ಅವನ ಮೇಲೆ ನಮಗೇನೂ ಸಿಟ್ಟಿಲ್ಲ. ಹೋದ ವಾರ ಒಂದು ನಕಲು ತೆಗೆಸಲು ಹೋದಾಗ ಅವನು ಗಲ್ಲಾದ ಕೆಳಗಿನ ಡ್ರಾಯರ್ ಎಳೆದ. ಒಳಗೆ ನೋಡಿದರೆ ಪೆನ್ ಡ್ರೈವಿನಂಥ ಪುಟ್ಟ ಪುಟ್ಟ ಕಡ್ಡಿಗಳು. ಎಣಿಸಿದರೆ ಮೂವತ್ತರ ಮೇಲೆಯೇ ಇದ್ದಾವು. ಒಂದೊಂದಕ್ಕೂ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಸುತ್ತಿ, ಅದರ ಮೇಲೆ ಪೆನ್ನಿನಲ್ಲಿ ಒಬ್ಬೊಬ್ಬ ಕಂಟ್ರಾಕ್ಟರನ ಹೆಸರು ಬರೆದಿತ್ತು. ಹೆಸರಿನ ಪಕ್ಕದಲ್ಲೇ ಪಾಸ್‌ವರ್ಡು!

‘ಇದೇನಪ್ಪಾ ಇದು?’ ಅಂದೆ.

‘ಡಿ.ಎಸ್.ಸಿ. ಸಾರ್, ಡಿಜಿಟಲ್ ಸಹಿ. ಸಾಹುಕಾರ್ರು ಯಾರು ಇಲ್ಲಿಗೆ ಬಂದು ಕೂತ್ಕೋತಾರೆ? ಫೋನ್ ಮಾಡ್ತಾರೆ, ರೇಟು ಹೇಳ್ತಾರೆ. ಟೆಂಡರ್ ನಾನೇ ಹಾಕ್ತೀನಿ.’

‘ಒಂದೇ ಕೆಲಸಕ್ಕೆ ಇಬ್ಬರು ಫೋನ್ ಮಾಡಿದರೆ?’

ಹುಡುಗ ನಕ್ಕ. ‘ಇಬ್ಬರೇನು ಸಾರ್, ಮೂರೂ ಜನದ್ದು ನಾನೇ ಹಾಕೋದು. ಒಬ್ಬರದು ಕೆಲಸ, ಇನ್ನಿಬ್ಬರದು ಸಪೋರ್ಟು.’

ಓದುಗರಲ್ಲಿ ಟೆಂಡರಿನ ಗಂಧಗಾಳಿ ಇಲ್ಲದವರಿಗೆ ಒಂದು ಮಾತು. ಸರ್ಕಾರಕ್ಕೆ ಮಾಲು ಕೊಡುವವರು, ರಸ್ತೆ ಚರಂಡಿ ಮಾಡುವವರು ಈಗ ಲಕೋಟೆಯಲ್ಲಿ ದರ ಬರೆದು ಕೊಡುವುದಿಲ್ಲ. ಎಲ್ಲಾ ಕಂಪ್ಯೂಟರಿನಲ್ಲೇ ಆಗಬೇಕು. ‘ಈ ದರ ಹಾಕಿದ್ದು ನಾನೇ’ ಎಂದು ಸಾಬೀತು ಮಾಡುವ ಸಹಿ ಆ ಕಡ್ಡಿಯೊಳಗಿದೆ. ಅದು ಕಾನೂನಿನ ಪ್ರಕಾರ ಯಜಮಾನನ ಹಸ್ತಾಕ್ಷರಕ್ಕೆ ಸಮ. ಅಂಥ ಮೂವತ್ತು ಯಜಮಾನರ ಹಸ್ತ ಒಂದು ಝೆರಾಕ್ಸ್ ಅಂಗಡಿಯ ಡ್ರಾಯರಿನಲ್ಲಿ, ಬೀಡಿ ಕಟ್ಟಿನ ಪಕ್ಕ ಮಲಗಿದೆ!

ಹಾಗಂತ ಹಳೇ ಕಾಲವೇ ಚೆನ್ನಾಗಿತ್ತು ಅನ್ನುವ ಜಾತಿಯವನಲ್ಲ ನಾನು. ನಮ್ಮ ಪತ್ರಿಕೆಯ ಹಿರಿಯರು ಹೇಳುವ ಕಥೆ ಕೇಳಿದರೆ ಸಾಕು. ಕಛೇರಿಯ ವರಾಂಡದಲ್ಲಿ ಬೀಗ ಹಾಕಿದ ಟೆಂಡರ್ ಪೆಟ್ಟಿಗೆ ಇರುತ್ತಿತ್ತು. ಕೊನೇ ದಿನ ಬೆಳಿಗ್ಗೆಯಿಂದಲೇ ಗೇಟಿನ ಹತ್ತಿರ ನಾಲ್ಕು ಧಡೂತಿ ಆಸಾಮಿಗಳು ಚಹಾ ಕುಡಿಯುತ್ತಾ ನಿಂತಿರುತ್ತಿದ್ದರು. ಹೊರಗಿನವನು ಲಕೋಟೆ ಹಿಡಿದು ಬಂದರೆ ‘ಯಾವೂರೋ ನಿಂದು?’ ಅನ್ನುವ ಒಂದೇ ಪ್ರಶ್ನೆ. ಲಕೋಟೆ ಜೇಬಿಗೆ, ಕಾಲು ಬಸ್ ಸ್ಟ್ಯಾಂಡಿಗೆ. ಇದಕ್ಕೂ ಬಗ್ಗದೆ ಹಾಕಿದವನ ಲಕೋಟೆ ಪೆಟ್ಟಿಗೆ ತೆರೆಯುವಾಗ ಕಾಣೆಯಾಗುತ್ತಿತ್ತು. ಟೆಂಡರ್ ಫಾರಂ ಮಾರುವ ಗುಮಾಸ್ತ ಕೊನೇ ಎರಡು ದಿನ ರಜೆ ಹಾಕುವುದೂ ಒಂದು ವಿದ್ಯೆಯೇ ಆಗಿತ್ತು.

ಪತ್ರಿಕೆಯವರ ಪಾಲಿನ ಪಾಪವನ್ನೂ ಬರೆದುಬಿಡುತ್ತೇನೆ. ಟೆಂಡರ್ ಪ್ರಕಟಣೆ ಯಾರ ಕಣ್ಣಿಗೂ ಬೀಳಬಾರದು ಎಂದರೆ ಅದನ್ನು ಯಾರೂ ಓದದ ಪತ್ರಿಕೆಗೆ ಕೊಡುತ್ತಿದ್ದರು. ಕಡತಕ್ಕೆ ಒಂದು, ಕಂಟ್ರಾಕ್ಟರನಿಗೆ ಒಂದು ಎಂದು ಎರಡೇ ಪ್ರತಿ ಅಚ್ಚಾದ ಸಂಚಿಕೆಗಳ ಕಥೆ ನಮ್ಮ ಪ್ರೆಸ್ಸುಗಳಲ್ಲಿ ಈಗಲೂ ನಗುವಿನ ಸರಕು. ಈಗ ಇಡೀ ವಿವರ ಜಾಲತಾಣದಲ್ಲಿ, ಪತ್ರಿಕೆಗೆ ನಾಲ್ಕು ಸಾಲು. ಜಾಹೀರಾತಿನ ದುಡ್ಡು ಕರಗಿತು. ನಮ್ಮಂಥ ಸಂಜೆ ಪತ್ರಿಕೆಗೆ ಅದು ಸಣ್ಣ ಪೆಟ್ಟಲ್ಲ. ಹಾಗಾಗಿ ನಾನು ಈ ಯಂತ್ರದ ವಿಚಾರ ಬರೆಯುವಾಗ ನನ್ನ ಹೊಟ್ಟೆಯುರಿಯೂ ಒಂದು ಚಿಟಿಕೆ ಸೇರಿರಬಹುದು, ತೂಗಿ ನೋಡಿ ತಗೊಳ್ಳಿ.

ಇದಕ್ಕೆಲ್ಲಾ ಮದ್ದು ಎಂದು ನಮ್ಮ ರಾಜ್ಯ 1999ರಲ್ಲಿ ಒಂದು ಕಾಯಿದೆ ಮಾಡಿತು. ಅದರ ಹೆಸರು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರುತ್ತದೆ, ಅದಕ್ಕೇ ಕಛೇರಿಗಳಲ್ಲಿ ಕೆ.ಟಿ.ಪಿ.ಪಿ. ಅಂತಾರೆ. ಆಮೇಲೆ 2007ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯನ್ನು ಪಾಲುದಾರನನ್ನಾಗಿ ಮಾಡಿಕೊಂಡು ಸರ್ಕಾರ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣ ತೆರೆಯಿತು. ಪಕ್ಕದ ಆಂಧ್ರದವರು 2003ರಲ್ಲೇ ಸಿ-ಒನ್ ಇಂಡಿಯಾ ಎಂಬ ಕಂಪನಿಯ ಕೈಯಲ್ಲಿ ಈ ಕೆಲಸ ಮಾಡಿಸಿದ್ದರು. ನಮ್ಮ ಹಳೇ ಜಾಲತಾಣದ ಜಾಗಕ್ಕೆ ಈಗ ಕೆ.ಪಿ.ಪಿ.ಪಿ. ಎಂಬ ಹೊಸದು ಬಂದಿದೆ. ಕೇಂದ್ರದವರು 2016ರ ಆಗಸ್ಟಿನಲ್ಲಿ ‘ಜೆಮ್’ ಎಂಬ ಸರ್ಕಾರಿ ಸಂತೆಯನ್ನೇ ಕಂಪ್ಯೂಟರಿನಲ್ಲಿ ಕಟ್ಟಿದರು. 2023-24ರಲ್ಲಿ ಅದರ ವಹಿವಾಟು 4 ಲಕ್ಷ ಕೋಟಿ ರೂಪಾಯಿ ದಾಟಿತು, ಮರುವರ್ಷ 5 ಲಕ್ಷ ಕೋಟಿ ದಾಟಿತು. ಆ ಸಂತೆಯ ಯಂತ್ರ ನೋಡಿಕೊಳ್ಳುವ ಗುತ್ತಿಗೆ 2023ರಲ್ಲಿ ಟಿ.ಸಿ.ಎಸ್. ಪಾಲಾಯಿತು. ಅಂದರೆ ಸ್ವಾಮಿ, ಸರ್ಕಾರ ಖರೀದಿ ಮಾಡುವುದು ಒಂದು ವ್ಯಾಪಾರ. ಖರೀದಿ ಮಾಡುವ ಯಂತ್ರವನ್ನು ಮಾರುವುದು ಇನ್ನೊಂದು ವ್ಯಾಪಾರ. ಡಿಜಿಟಲ್ ಸಹಿಯ ಕಡ್ಡಿ ಮಾರುವವರೇ ಬೇರೆ. ಟೆಂಡರ್ ಸುದ್ದಿಯನ್ನೇ ಚಂದಾ ಕಟ್ಟಿಸಿಕೊಂಡು ಫೋನಿಗೆ ಕಳಿಸುವ ಅಹಮದಾಬಾದಿನ ಟೆಂಡರ್ ಟೈಗರ್‌ನಂಥವರು ಬೇರೆ. ಹಿಂದೆ ನಮ್ಮ ಪತ್ರಿಕೆ ಎಂಟಾಣೆಗೆ ಮಾಡುತ್ತಿದ್ದ ಕೆಲಸ ಅದು!

ಗೇಟಿನ ಧಡೂತಿಗಳು ಮನೆಗೆ ಹೋದದ್ದು ನಿಜ. ಜಗಳೂರಿನ ಹುಡುಗ ಬೀದರಿನ ಕೆಲಸಕ್ಕೆ ಮನೆಯಿಂದಲೇ ದರ ಹಾಕಬಹುದು, ಇದೂ ನಿಜ. ಇದನ್ನು ಒಪ್ಪದವನು ಅಪ್ರಾಮಾಣಿಕ.

ಆದರೆ ಯಂತ್ರಕ್ಕೂ ಕಳ್ಳಗಿಂಡಿ ಇರುತ್ತದೆ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಖಾತೆಯಿಂದಲೇ ಗುತ್ತಿಗೆದಾರರ ಠೇವಣಿ ಹಣ ಹನ್ನೊಂದೂವರೆ ಕೋಟಿಯಷ್ಟು ಮಾಯವಾಯಿತು. ಮರುವರ್ಷ ಬೆಂಗಳೂರಿನ ಹ್ಯಾಕರ್ ಹುಡುಗನೊಬ್ಬನನ್ನು ಪೊಲೀಸರು ಹಿಡಿದಾಗ ಈ ಕೇಸೂ ಅವನ ಸುತ್ತ ಸುತ್ತಿಕೊಂಡು ರಾಜಕೀಯವೆಲ್ಲಾ ಆದದ್ದು ಓದುಗರಿಗೆ ನೆನಪಿರಬಹುದು. ಮಧ್ಯಪ್ರದೇಶದಲ್ಲಿ ಆನ್‌ಲೈನ್ ಟೆಂಡರ್ ತೆರೆಯುವ ಮುಂಚೆಯೇ ಒಳಗೆ ಕೈಹಾಕಿ ದರ ತಿದ್ದಿದ್ದಾರೆ ಎಂಬ ಆರೋಪ 2018ರಲ್ಲಿ ಎದ್ದು, 2019ರಲ್ಲಿ ಎಫ್.ಐ.ಆರ್. ಆಯಿತು. ಇವೆಲ್ಲಾ ದೊಡ್ಡವರ ದೊಡ್ಡ ಸುದ್ದಿ. ನಾನು ಹೇಳಹೊರಟಿದ್ದು ನಮ್ಮ ಓಣಿಯ ಬಡಗಿಯ ಸುದ್ದಿ.

ಈ ಬಡಗಿಗೆ ಐವತ್ತೈದು ಕಳೆದಿದೆ. ಅಪ್ಪನ ಕಾಲದ ಉಳಿ ಬಾಚಿ ಜೊತೆಗೆ ಈಗ ಎರಡು ಕರೆಂಟು ಮಿಶೀನು, ಮೂರು ಜನ ಆಳು. ಮದುವೆ ಸೀಸನ್ನಿನಲ್ಲಿ ಮಂಚ, ಬೀರು. ಉಳಿದ ದಿನ ಬಾಗಿಲು ಚೌಕಟ್ಟು. ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ‘ಸರ್ಕಾರದ ಕೆಲಸ ಹಿಡಿ, ಈಗ ಎಲ್ಲಾ ಆನ್‌ಲೈನ್, ಯಾರ ಕಾಲೂ ಹಿಡಿಯೋದು ಬ್ಯಾಡ’ ಅಂದರು. ಬಡಗಿ ನಂಬಿದ. ತಪ್ಪೇನು? ನಾವು ಪತ್ರಿಕೆಯವರೂ ಹಾಗೇ ಬರೆದಿದ್ದೆವಲ್ಲ!

ಮೊದಲು ಉದ್ಯಮ ನೋಂದಣಿ. ಆಮೇಲೆ ಜಿ.ಎಸ್.ಟಿ. ಆಮೇಲೆ ಕಡ್ಡಿ. ಅದಕ್ಕೆ ಆಧಾರ್, ಪ್ಯಾನ್, ಕ್ಯಾಮೆರಾ ಮುಂದೆ ನಿಂತು ಹೆಸರು ಹೇಳುವ ವಿಡಿಯೋ. ‘ಕಳ್ಳನ ಫೋಟೋ ತೆಗೆದ್ಹಾಂಗ ತೆಗೆದ್ರು ತಮ್ಮಾ’ ಅಂದ. ಆಮೇಲೆ ಪೋರ್ಟಲಿನಲ್ಲಿ ಹೆಸರು ಹಚ್ಚುವುದು. ಪ್ರತಿಯೊಂದು ಕಾಗದವನ್ನೂ ಸ್ಕ್ಯಾನ್ ಮಾಡಿ ಏರಿಸುವುದು. ಬಡಗಿಗೆ ಕಂಪ್ಯೂಟರ್ ಗೊತ್ತಿಲ್ಲ. ನಾನೂ ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು, ಇಂಗ್ಲಿಷಿನ ಅರವತ್ತು ಪುಟದ ಟೆಂಡರ್ ದಾಖಲೆ ನನ್ನ ಕೈಗೂ ಬಗ್ಗಲಿಲ್ಲ. ಕೊನೆಗೆ ಇಬ್ಬರೂ ಹೋಗಿ ಕೂತದ್ದು ಅದೇ ಝೆರಾಕ್ಸ್ ಅಂಗಡಿಯಲ್ಲಿ. ಇವತ್ತು ಆ ಡ್ರಾಯರಿನಲ್ಲಿ ಬಿಳಿ ಪಟ್ಟಿ ಸುತ್ತಿಕೊಂಡು ಬಡಗಿಯ ಕಡ್ಡಿಯೂ ಮಲಗಿದೆ. ಸಾಹುಕಾರರು ಸೋಮಾರಿತನಕ್ಕೆ ಇಟ್ಟರೆ ಬಡವ ಗತಿಯಿಲ್ಲದೆ ಇಟ್ಟ.

ಮೊದಲ ಮೂರು ಟೆಂಡರಿನಲ್ಲಿ ದರದ ಲಕೋಟೆ ತೆರೆಯುವ ತನಕ ಹೋಗಲೇ ಇಲ್ಲ. ತಾಂತ್ರಿಕ ಲಕೋಟೆಯಲ್ಲೇ ಔಟ್! ಒಂದು ಕಡೆ ‘ಹಿಂದಿನ ಮೂರು ವರ್ಷದ ವಹಿವಾಟು ಸಾಲದು’ ಅಂತ. ಇನ್ನೊಂದು ಕಡೆ ‘ಇಂಥದೇ ಸರಬರಾಜು ಸರ್ಕಾರಕ್ಕೆ ಮಾಡಿದ ಅನುಭವ ಪತ್ರ ಇಲ್ಲ’ ಅಂತ. ಸರ್ಕಾರಕ್ಕೆ ಒಮ್ಮೆಯೂ ಕೊಡದವನು ಸರ್ಕಾರಕ್ಕೆ ಕೊಟ್ಟ ಪತ್ರ ಎಲ್ಲಿಂದ ತರಬೇಕು? ಬಾವಿಗೆ ಇಳಿಯುವ ಮುಂಚೆ ಈಜು ಕಲಿತ ಸರ್ಟಿಫಿಕೇಟು ತಾ ಅಂದ ಹಾಗಾಯಿತು. ಮೂರನೆಯದು ಇನ್ನೂ ಚಂದ. ಡೆಸ್ಕಿನ ಉದ್ದ ಅಗಲ, ಕಾಲಿನ ಪೈಪಿನ ದಪ್ಪ, ಬಣ್ಣದ ನಂಬರು, ಎಲ್ಲವೂ ಒಬ್ಬ ದೊಡ್ಡ ಕಂಪನಿಯ ಕ್ಯಾಟಲಾಗಿನಿಂದ ಅಕ್ಷರ ಬಿಡದೆ ಇಳಿಸಿದ್ದು. ಹಳೇ ಕಾಲದಲ್ಲಿ ಧಡೂತಿ ಗೇಟಿನಲ್ಲಿ ನಿಲ್ಲುತ್ತಿದ್ದ. ಈಗ ಆತ ಷರತ್ತುಗಳ ಪಟ್ಟಿಯಲ್ಲಿ ಕೂತಿದ್ದಾನೆ. ಕಾಯಿದೆಯ 16ನೇ ಪ್ರಕರಣದಲ್ಲಿ ಮೂವತ್ತು ದಿನದೊಳಗೆ ಮೇಲ್ಮನವಿಗೆ ಅವಕಾಶವುಂಟು. ಮೂರು ಜನ ಆಳಿನ ಸಂಬಳ ಬಿಟ್ಟು ವಕೀಲರ ಮನೆ ಬಾಗಿಲಿಗೆ ಯಾವ ಬಡಗಿ ಹೋಗುತ್ತಾನೆ?

ನಾಲ್ಕನೆಯದು ಸಿಕ್ಕಿತು. ಒಂದು ಇಲಾಖೆಯ ಹಾಸ್ಟೆಲ್ಲಿಗೆ ಅರವತ್ತು ಡೆಸ್ಕು-ಬೆಂಚು. ಇಲಾಖೆಯ ಹೆಸರು ಬರೆಯಬೇಡ ಎಂದು ಬಡಗಿ ಕೈ ಮುಗಿದಿದ್ದಾನೆ, ಬರೆಯುವುದಿಲ್ಲ. ಮೂರೂವರೆ ಲಕ್ಷದ ಮೇಲಿನ ಬಾಬ್ತು. ಮರ ಸಾಲ, ಪೈಪು ಸಾಲ, ಲಾರಿ ಬಾಡಿಗೆ ಕೈಯಿಂದ. ಹೆಂಡತಿಯ ಎರಡು ಬಳೆ ಮಂಡಿಪೇಟೆಯಲ್ಲಿ ಗಿರವಿ. ಕಳೆದ ವರ್ಷ ಶ್ರಾವಣದಲ್ಲಿ, ಹೇಳಿದ ತಾರೀಕಿಗೆ ಎರಡು ದಿನ ಮುಂಚೆಯೇ ಮಾಲು ಇಳಿಸಿದ. ಹುಡುಗರು ಅವತ್ತೇ ಕೂತರು. ನಾನೂ ಹೋಗಿ ನೋಡಿ ಬಂದೆ, ಬೆಂಚು ಕಿರ್ರೆನ್ನಲಿಲ್ಲ.

ಬಿಲ್ಲು? ಈ ಯುಗಾದಿಯೂ ಕಳೆಯಿತು, ಬಂದಿಲ್ಲ.

ವಾರ್ಡನ್ ಕೇಳಿದರೆ ‘ಸ್ಟಾಕ್ ರಿಜಿಸ್ಟರಿಗೆ ಏರಿಸಿದೀನಪ್ಪಾ, ಮೇಲೆ ಕೇಳು’ ಅಂತಾರೆ. ಮೇಲೆ ಕೇಳಿದರೆ ತಪಾಸಣೆ ವರದಿ ಬಂದಿಲ್ಲ. ತಪಾಸಣೆಗೆ ಬರಬೇಕಾದವರು ವರ್ಗವಾದರು. ಹೊಸಬರು ಬಂದು ನೋಡಿದರು, ಅಷ್ಟರಲ್ಲಿ ಹುಡುಗರು ಎರಡು ಡೆಸ್ಕಿನ ಮೇಲೆ ಹೆಸರು ಕೆತ್ತಿದ್ದರು. ‘ಮಾಲಿಗೆ ಪೆಟ್ಟಾಗಿದೆ’ ಎಂಬ ಷರಾ! ಅದನ್ನು ಬಡಗಿ ಉಚಿತವಾಗಿ ತಿಕ್ಕಿ ಪಾಲಿಶ್ ಮಾಡಿ ಕೊಟ್ಟ. ಆಮೇಲೆ ಮಾರ್ಚ್ ಬಂತು, ಗ್ರಾಂಟು ವಾಪಸ್ ಹೋಯಿತು. ‘ಹೊಸ ವರ್ಷದ ಗ್ರಾಂಟು ಬರಲಿ’ ಎಂದರು. ಗುಮಾಸ್ತರ ಮೇಜಿನಿಂದ ಖಜಾನೆ-2ರ ಕಂಪ್ಯೂಟರಿಗೆ ಬಿಲ್ಲು ಹತ್ತಿಬಿಟ್ಟರೆ ಆಮೇಲೆ ದಾರಿ ಸಲೀಸು ಅಂತಾರೆ ಬಲ್ಲವರು. ಆದರೆ ಹತ್ತಬೇಕಲ್ಲ! ಆ ಮೇಜನ್ನು ದಾಟಲು ಏನು ಬೇಕು ಎಂದು ಒಬ್ಬರು ಬಡಗಿಗೆ ಸೂಚ್ಯವಾಗಿ ಹೇಳಿದ್ದಾರೆ. ಎಷ್ಟು ಎಂದು ಕೇಳಿದೆ. ಬಡಗಿ ಬೆರಳು ಮಡಿಸಿದ, ಬಾಯಿ ಬಿಡಲಿಲ್ಲ.

ಇಲ್ಲಿ ನಾನು ಒಂದು ಪ್ರಶ್ನೆ ಹಿಡಿದು ಕೂತೆ. ಟೆಂಡರ್ ಕರೆದ ತಾರೀಕು ಪರದೆಯ ಮೇಲಿದೆ. ದರ ತೆರೆದ ಗಳಿಗೆ ನಿಮಿಷ ಸಮೇತ ಇದೆ. ಎಲ್-ಒನ್ ಯಾರು ಎಂಬುದಿದೆ. ಮಾಲು ಯಾವತ್ತು ಬಂತು, ಯಾರು ಪಡೆದರು, ಬಿಲ್ಲು ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತು? ಅದನ್ನು ಬಡಗಿ ಎಲ್ಲಿ ನೋಡಬೇಕು?

ಬೆಂಗಳೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗನಿದ್ದಾನೆ. ಇಂಜಿನಿಯರು, ದೊಡ್ಡ ದೊಡ್ಡ ಕಂಪನಿಗಳಿಗೆ ಈ ಖರೀದಿ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ. ಹಬ್ಬಕ್ಕೆ ಬಂದಿದ್ದ. ಬೆಣ್ಣೆ ದೋಸೆ ತಿನ್ನಿಸಿ ಬಾಯಿ ಬಿಡಿಸಿದೆ.

ಅವನು ಹೇಳಿದ ಪ್ರಪಂಚವೇ ಬೇರೆ. ಅಮೆರಿಕದಲ್ಲಿ 1995ರಲ್ಲಿ ಫ್ರೀಮಾರ್ಕೆಟ್ಸ್ ಎಂಬ ಕಂಪನಿ ಹುಟ್ಟಿ ತಲೆಕೆಳಗಾದ ಹರಾಜನ್ನು ಕಂಪ್ಯೂಟರಿಗೆ ತಂದಿತು. ನಮ್ಮ ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ಹರಾಜು ಮೇಲೆ ಏರುತ್ತದೆ. ಆ ಹರಾಜಿನಲ್ಲಿ ಮಾಲು ಕೊಡುವವರು ಒಬ್ಬರಿಗಿಂತ ಒಬ್ಬರು ಕೆಳಗೆ ಇಳಿಯಬೇಕು. 1996ರಲ್ಲಿ ಹುಟ್ಟಿದ ಅರೀಬಾ ಎಂಬ ಕಂಪನಿ 2004ರಲ್ಲಿ ಅದನ್ನು ನುಂಗಿತು. 2012ರಲ್ಲಿ ಜರ್ಮನಿಯ ಎಸ್.ಎ.ಪಿ. ಅರೀಬಾವನ್ನೇ 430 ಕೋಟಿ ಡಾಲರಿಗೆ ಕೊಂಡಿತು. 2023ರಲ್ಲಿ ಕೂಪಾ ಎಂಬ ಇನ್ನೊಂದು ಖರೀದಿ ಸಾಫ್ಟ್‌ವೇರ್ ಕಂಪನಿ 800 ಕೋಟಿ ಡಾಲರಿಗೆ ಕೈ ಬದಲಾಯಿಸಿತು. ನಮ್ಮ ದೇಶದ್ದೂ ಇವೆ. ಉಕ್ಕಿನ ವ್ಯಾಪಾರಕ್ಕೆ ಟಾಟಾ ಸ್ಟೀಲು, ಸೇಲ್ ಸೇರಿ 2001ರಲ್ಲಿ ಕಟ್ಟಿದ ಎಂ-ಜಂಕ್ಷನ್ ಅಂಥದ್ದು.

‘ಇಷ್ಟು ದುಡ್ಡು ಯಾತಕ್ಕೋ ತಮ್ಮಾ? ಟೆಂಡರ್ ಕರೆಯೋಕಾ?’

‘ಅಲ್ಲಣ್ಣಾ. ಟೆಂಡರ್ ಅನ್ನೋದು ಅದರಲ್ಲಿ ಕಾಲು ಭಾಗ. ಬೇಡಿಕೆ ಬಂದಾಗಿನಿಂದ ದುಡ್ಡು ಹೋಗೋ ತನಕ ಒಂದೇ ಸರಪಳಿ. ಆರ್ಡರ್ ಒಂದು, ಮಾಲು ಬಂದ ರಸೀತಿ ಒಂದು, ಬಿಲ್ಲು ಒಂದು. ಈ ಮೂರನ್ನೂ ಯಂತ್ರ ಪಕ್ಕಪಕ್ಕ ಇಟ್ಟು ನೋಡ್ತದೆ. ಮೂರೂ ತಾಳೆ ಆದ್ರೆ ವಾಯಿದೆ ದಿನ ಹಣ ಹೋಗ್ತದೆ. ತಾಳೆ ಆಗ್ಲಿಲ್ಲ ಅಂದ್ರೆ ಯಾರ ಹತ್ರ ನಿಂತಿದೆ ಅಂತ ಹೆಸರು ಸಮೇತ ಮೇಲಿನವರಿಗೆ ಹೋಗ್ತದೆ.’

‘ಹೆಸರು ಸಮೇತ?’

‘ಹೌದಣ್ಣಾ. ಎಷ್ಟು ದಿನದಿಂದ ಅಂತಾನೂ.’

ನೋಡಿದಿರಾ! ಖಾಸಗಿಯವರೇನೂ ದೇವರಲ್ಲ. ಅದೇ ಯಂತ್ರ ಹಾಕಿಕೊಂಡು ಸಣ್ಣ ಸಪ್ಲೈಯರಿನ ರಕ್ತ ಹಿಂಡಿ, ತೊಂಬತ್ತು ದಿನದ ವಾಯಿದೆ ಬರೆಸಿಕೊಳ್ಳುವ ಮಹಾನುಭಾವರೂ ಇದ್ದಾರೆ, ತಮ್ಮನೂ ಒಪ್ಪಿದ. ಆದರೆ ವಾಯಿದೆ ಎಂಬುದೊಂದಿದೆ, ಬಿಲ್ಲು ಎಲ್ಲಿದೆ ಎಂಬುದು ಕಾಣುತ್ತದೆ. ನಮ್ಮ ಸರ್ಕಾರದವರು ಆ ಸರಪಳಿಯ ಮೊದಲ ಕಾಲು ಭಾಗಕ್ಕೆ ಮಾತ್ರ ಸೀರಿಯಲ್ ಲೈಟು ಹಾಕಿ, ಉಳಿದ ಮುಕ್ಕಾಲು ಭಾಗವನ್ನು ಹಳೇ ಕತ್ತಲೆಯಲ್ಲೇ ಬಿಟ್ಟಿದ್ದಾರೆ. ಹಾಗಂತ ಯೋಜನೆಯಲ್ಲಿ ಇರಲಿಲ್ಲ ಅಂತಲ್ಲ. 2007ರ ಯೋಜನೆಯಲ್ಲೇ ಟೆಂಡರಿನ ಜೊತೆಗೆ ಗುತ್ತಿಗೆ ನಿರ್ವಹಣೆಯ ವಿಭಾಗವನ್ನೂ ಸೇರಿಸಿದ್ದರು. ನಾನು ಈ ಊರಿನಲ್ಲಿ ಹತ್ತು ಹನ್ನೆರಡು ಜನ ಸಣ್ಣ ಸಪ್ಲೈಯರುಗಳನ್ನು ಕೇಳಿದೆ. ‘ನಿನ್ನ ಬಿಲ್ಲು ಎಲ್ಲಿದೆ ಅಂತ ಪೋರ್ಟಲಿನಲ್ಲಿ ನೋಡಿದೀಯಾ?’ ಒಬ್ಬನೂ ಹೂಂ ಅನ್ನಲಿಲ್ಲ. ಒಬ್ಬ ಮಾತ್ರ ‘ಬಿಲ್ಲು ಪೋರ್ಟಲಿನಾಗೆ ಸಿಗಾಕಿಲ್ರೀ, ಕ್ಯಾಂಟೀನಿನಾಗೆ ಸಿಗ್ತೈತಿ’ ಅಂದ.

ಕೇಂದ್ರದ ಜೆಮ್‌ನಲ್ಲಿ ಕಾಗದದ ಮೇಲಾದರೂ ಲೆಕ್ಕ ಇದೆ. ಮಾಲು ಮುಟ್ಟಿ, ಒಪ್ಪಿಕೊಂಡ ಪತ್ರ ಯಂತ್ರದಲ್ಲಿ ಹುಟ್ಟಿದ ಹತ್ತು ದಿನದೊಳಗೆ ಹಣ ಕೊಡಬೇಕೆಂಬ ನಿಯಮ. ತಡವಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತಡವಾದರೆ ಎಷ್ಟು ದಿನ ಎಂದು ಎಣಿಸಲು ಒಂದು ತಾರೀಕಿದೆ, ಅಷ್ಟೇ. ನಮ್ಮ ಬಡಗಿಗೆ ಆ ತಾರೀಕೇ ಇಲ್ಲ.

ಕಾನೂನು ಇಲ್ಲವೇ ಅಂತೀರಾ? ಧಾರಾಳವಾಗಿದೆ! 2006ರ ಸಣ್ಣ ಕೈಗಾರಿಕೆಗಳ ಕಾಯಿದೆ ಪ್ರಕಾರ ಮಾಲು ಒಪ್ಪಿಕೊಂಡವನು 45 ದಿನ ಮೀರಿಸುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೊಂಡವನು ಸರ್ಕಾರವಾದರೂ ಬಿಡುವುದಿಲ್ಲ. ದೂರು ಕೊಡಲು 2017ರಿಂದ ಸಮಾಧಾನ್ ಎಂಬ ಜಾಲತಾಣ. ಬಡಗಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, ‘ದೂರು ಕೊಟ್ಟು ದುಡ್ಡು ಇಸಕೊಂಡ ಮೇಲೆ, ಮುಂದಿನ ಟೆಂಡರ್ ನಿಮ್ಮ ಪೇಪರಿನೋರು ಕೊಡ್ತಾರೇನು ತಮ್ಮಾ?’ ಅಂದ. ನನ್ನ ಬಳಿ ಉತ್ತರ ಇರಲಿಲ್ಲ.

ಇನ್ನೊಂದು ವಿನೋದ. ಕೇಂದ್ರದವರು 2023ರ ಹಣಕಾಸು ಕಾಯಿದೆಯಲ್ಲಿ ಒಂದು ಹಿಡಿ ಹಾಕಿದರು. ವ್ಯಾಪಾರಿಯೊಬ್ಬ ಸಣ್ಣ ಕೈಗಾರಿಕೆಯವನಿಗೆ ಆ 45 ದಿನದ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಆ ಖರ್ಚನ್ನು ಹಣ ಕೊಡುವ ತನಕ ವರಮಾನ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ನಮ್ಮ ಬಟ್ಟೆ ವ್ಯಾಪಾರಿಗಳು ಬೆಚ್ಚಿಬಿದ್ದು ಮಾರ್ಚಿಗೆ ಮುಂಚೆ ಚೆಕ್ಕು ಬರೆಯುವ ಹಾಗಾಯಿತು. ಒಳ್ಳೆಯದೇ. ಆದರೆ ಸರ್ಕಾರಿ ಇಲಾಖೆ ವರಮಾನ ತೆರಿಗೆ ಕಟ್ಟುತ್ತದೆಯೇ? ಇಲ್ಲ. ಆ ಹಿಡಿ ಅಂಗಡಿಯವನ ಕುತ್ತಿಗೆಗೆ ಹೊಂದುತ್ತದೆ, ಅಂಗಡಿಗಿಂತ ದೊಡ್ಡ ಸಾಲಗಾರನ ಕುತ್ತಿಗೆಗೆ ಹೊಂದುವುದಿಲ್ಲ.

ಈ ಕತ್ತಲೆಯ ಮುಕ್ಕಾಲು ಭಾಗದಲ್ಲೇ ಹಣದ ಆಟ ನಡೆಯುವುದು. 2021ರ ಜುಲೈನಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ ಪ್ರಧಾನಿಗೆ ಬರೆದ ಪತ್ರ ನೆನಪಿದೆಯಲ್ಲ, ನಲವತ್ತು ಪರ್ಸೆಂಟಿನದು? ಆಗಲೂ ಟೆಂಡರ್ ಆನ್‌ಲೈನೇ ಇತ್ತು. 2023ರಲ್ಲಿ ಸರ್ಕಾರ ಬದಲಾಯಿತು, ಬಾಕಿ ಬಿಲ್ಲಿನ ಕೂಗು ಬದಲಾಗಲಿಲ್ಲ. ಕುರ್ಚಿಯಲ್ಲಿ ಯಾರು ಕೂತರೂ ಮೇಜು ಅದೇ. ಬಿಲ್ಲು ತಡೆಯುವ ಅಧಿಕಾರ ಯಾರ ಕೈಲಿದೆಯೋ ಅವರ ಕೈಗೆ ಯಾವ ಯಂತ್ರವೂ ಬೆಳಕು ಬಿಟ್ಟಿಲ್ಲ.

ಬೆಳಕು ಬಿಡಲಾಗದು ಅನ್ನುವುದು ಸುಳ್ಳು. ಬೇರೆ ದೇಶದವರು ಬಿಟ್ಟಿದ್ದಾರೆ. ಉಕ್ರೇನಿನವರು 2015ರಲ್ಲಿ ಪ್ರೊಜೋರೊ ಎಂಬ ಜಾಲತಾಣ ತೆರೆದು, 2016ರ ಆಗಸ್ಟಿನಿಂದ ಸರ್ಕಾರಿ ಖರೀದಿಗೆ ಕಡ್ಡಾಯ ಮಾಡಿದರು. ಹರಾಜು ಮುಗಿದ ಮೇಲೆ ಯಾರು ಎಷ್ಟು ದರ ಹಾಕಿದರು, ಯಾವ ಕಾಗದ ಕೊಟ್ಟರು, ಒಪ್ಪಂದ ಏನು, ಎಲ್ಲವನ್ನೂ ದಾರಿಹೋಕನೂ ನೋಡಬಹುದು. ಸರ್ಕಾರದ ಹಣ ಯಾರಿಗೆ ಹೋಯಿತು ಎಂಬುದಕ್ಕೆ ಬೇರೆ ಜಾಲತಾಣ. 2022ರಲ್ಲಿ ಯುದ್ಧ ಬಿದ್ದ ಮೇಲೆ ಕೆಲವು ವಿವರಗಳಿಗೆ ಪರದೆ ಎಳೆದರು, ಅದು ಬೇರೆ ಮಾತು. ದಕ್ಷಿಣ ಕೊರಿಯಾದವರು 2002ರಿಂದಲೇ ಎಲ್ಲ ಇಲಾಖೆಗೂ ಒಂದೇ ಖರೀದಿ ಜಾಲ ನಡೆಸುತ್ತಿದ್ದಾರೆ. ಅಲ್ಲೂ ನಮ್ಮ ಪಿ.ಬಿ. ರಸ್ತೆಯ ಕಥೆಯೇ ನಡೆದಿತ್ತು! ಒಬ್ಬರ ಡಿಜಿಟಲ್ ಸಹಿ ಇನ್ನೊಬ್ಬರ ಕೈಗೆ ಕೊಟ್ಟು ದರ ಹಾಕಿಸುವುದು. ಅದಕ್ಕೆ ಅವರು 2010ರಲ್ಲಿ ಬೆರಳಚ್ಚು ಒತ್ತಿಯೇ ದರ ಹಾಕುವ ಏರ್ಪಾಡು ತಂದರು. ಕಡ್ಡಿಯನ್ನು ಡ್ರಾಯರಿನಲ್ಲಿ ಬಿಟ್ಟು ಹೋಗಬಹುದು, ಹೆಬ್ಬೆರಳನ್ನು ಬಿಟ್ಟು ಹೋಗಲಾದೀತೇ?

ನಮ್ಮಲ್ಲಿ ಹೆಬ್ಬೆರಳೂ ಬೇಡ. ಒಂದೇ ಟೆಂಡರಿಗೆ ಬಂದ ಮೂರು ದರವೂ ಒಂದೇ ಇಂಟರ್‌ನೆಟ್ ವಿಳಾಸದಿಂದ, ಹತ್ತು ನಿಮಿಷದ ಅಂತರದಲ್ಲಿ ಬಂದಿದ್ದರೆ ಅದರ ಗುರುತು ಯಂತ್ರದೊಳಗೇ ಉಳಿಯುತ್ತದೆ. ಹುಡುಕುವ ಮನಸ್ಸಿದ್ದರೆ ಒಂದು ಸಂಜೆಯ ಕೆಲಸ. ಆದರೆ ಆಗ ನಮ್ಮ ಬಡಗಿಯಂಥವನೂ ಸಾಹುಕಾರನ ಜೊತೆ ಬಲೆಗೆ ಬೀಳುತ್ತಾನಲ್ಲ? ಬೀಳುತ್ತಾನೆ. ಅದಕ್ಕೇ ಮೊದಲು ತಾಲೂಕಿಗೊಂದರಂತೆ, ಕಾಸಿಲ್ಲದೆ ಕೂತು ದರ ಹಾಕುವ ಒಂದು ಕೋಣೆ, ಕನ್ನಡದಲ್ಲಿ ತಿಳಿಸಿ ಹೇಳುವ ಒಬ್ಬ ಸಿಬ್ಬಂದಿ ಕೊಡಲಿ. ಸಾವಿರಾರು ಕೋಟಿಯ ಪೋರ್ಟಲಿಗೆ ಬರುವ ಬಡವನಿಗೆ ಒಂದು ಕುರ್ಚಿ ದುಬಾರಿಯಾದೀತೇ?

ಈಗಿನ ಹೊಸ ಫ್ಯಾಷನ್ ಎ.ಐ. ಖರೀದಿ ಸಾಫ್ಟ್‌ವೇರ್ ಮಾರುವವರೆಲ್ಲಾ ಈಗ ಅದನ್ನೇ ಜಪಿಸುತ್ತಿದ್ದಾರೆ, ನಮ್ಮ ತಮ್ಮನ ಬಾಯಲ್ಲೂ ಅದೇ. ಆಲ್ಬೇನಿಯಾ ಎಂಬ ಸಣ್ಣ ದೇಶದ ಪ್ರಧಾನಿ 2025ರ ಸೆಪ್ಟೆಂಬರಿನಲ್ಲಿ ಟೆಂಡರ್ ನೋಡಿಕೊಳ್ಳಲು ಡಿಯೆಲ್ಲಾ ಎಂಬ ಕಂಪ್ಯೂಟರ್ ಹೆಂಗಸನ್ನೇ ಮಂತ್ರಿ ಎಂದು ಘೋಷಿಸಿದರು! ಲಂಚ ತಿನ್ನದ ಮಂತ್ರಿ ಬೇಕಾದರೆ ಹೊಟ್ಟೆಯಿಲ್ಲದವರನ್ನೇ ಹುಡುಕಬೇಕು ಎಂದು ಅವರಿಗೆ ಅನಿಸಿರಬೇಕು. ಬ್ರೆಜಿಲಿನ ಲೆಕ್ಕ ತಪಾಸಣೆಯವರದು ಇದಕ್ಕಿಂತ ಉಪಯೋಗದ್ದು. ‘ಆಲಿಸ್’ ಎಂಬ ಯಂತ್ರ ಟೆಂಡರ್ ಪ್ರಕಟಣೆಗಳನ್ನು ಓದಿ, ಅನುಮಾನದ ಷರತ್ತು ಕಂಡರೆ ಲೆಕ್ಕಿಗರಿಗೆ ಎಚ್ಚರಿಸುತ್ತದೆ. ಕ್ಯಾಟಲಾಗಿನಿಂದ ಇಳಿಸಿದ ಆ ಡೆಸ್ಕಿನ ಷರತ್ತನ್ನು ಅಂಥ ಯಂತ್ರ ಕಣ್ಣಿಟ್ಟು ಓದಿದ್ದರೆ ಯಾರಾದರೂ ಒಬ್ಬರು ಉತ್ತರ ಹೇಳಬೇಕಾಗುತ್ತಿತ್ತು. ಆದರೆ ಬಿಲ್ಲಿನ ತಾರೀಕೇ ಇಲ್ಲದ ಕಡೆ ಎ.ಐ. ಬಂದು ಏನನ್ನು ಓದಬೇಕು? ಖಾಲಿ ಹಾಳೆಯನ್ನೇ?

ನಮ್ಮ ಜಿಲ್ಲೆಯ ಮಟ್ಟಿಗೆ ಕೇಳುವುದು ಹೆಚ್ಚೇನಿಲ್ಲ. ಟೆಂಡರ್ ಆದ ಪ್ರತಿ ಬಾಬ್ತಿನ ಮುಂದೆ ಮೂರು ಕಾಲಂ ಬರೆಯಲಿ. ಮಾಲು ಬಂದ ದಿನ, ಬಿಲ್ಲು ಕೊಟ್ಟ ದಿನ, ಹಣ ಹೋದ ದಿನ. ಮೂರನೆಯದು ಖಾಲಿ ಇದ್ದರೆ ಯಾರ ಮೇಜು ಎಂಬುದನ್ನೂ ಬರೆಯಲಿ. ಬೆಂಗಳೂರಿನವರು ಪೋರ್ಟಲ್ ತಿದ್ದುವ ತನಕ ಕಾಯುವುದು ಬೇಡ. ಕೆ.ಟಿ.ಪಿ.ಪಿ. ಕಾಯಿದೆಯಲ್ಲೇ ಜಿಲ್ಲಾ ಟೆಂಡರ್ ಬುಲೆಟಿನ್ ಎಂಬ ಪದವಿದೆ. ಟೆಂಡರ್ ಕರೆದದ್ದನ್ನು ಅದರಲ್ಲಿ ಹಾಕುವವರು ಹಣ ಕೊಟ್ಟದ್ದನ್ನೂ ಒಂದು ಹಾಳೆಯಲ್ಲಿ ಹಾಕಿ ಕಛೇರಿಯ ಗೋಡೆಗೆ ಅಂಟಿಸಲಿ. ಅದಕ್ಕೆ ಕಂಪ್ಯೂಟರೂ ಬೇಡ, ಗೋಂದು ಸಾಕು. ಜಿಲ್ಲಾಡಳಿತದವರು ಮನಸ್ಸು ಮಾಡಿದರೆ ನಮ್ಮ ಪತ್ರಿಕೆ ವಾರಕ್ಕೊಮ್ಮೆ ಆ ಪಟ್ಟಿಯನ್ನು ಬಿಟ್ಟಿಯಾಗಿ ಅಚ್ಚು ಹಾಕುತ್ತದೆ, ಸಂಪಾದಕರು ಒಪ್ಪಿದ್ದಾರೆ.

ಈ ಅಂಕಣ ಅಚ್ಚಿಗೆ ಹೋಗುವ ಹೊತ್ತಿಗೆ ಝೆರಾಕ್ಸ್ ಅಂಗಡಿಯಿಂದ ಬಡಗಿಗೆ ಫೋನು ಬಂದಿದೆ. ಕಡ್ಡಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತದಂತೆ, ಹೊಸದು ಮಾಡಿಸಬೇಕಂತೆ. ಇನ್ನೊಂದು ಹಾಸ್ಟೆಲ್ಲಿಗೆ ನಲವತ್ತು ಮಂಚದ ಟೆಂಡರೂ ಬಂದಿದೆಯಂತೆ. ಈಗ ಅವನ ಹತ್ತಿರ ಅನುಭವ ಪತ್ರ ಇದೆ, ಲಕೋಟೆ ತೆರೆಯುವ ತನಕ ಹೋಗಬಹುದು. ಬಳೆ ಇನ್ನೂ ಮಂಡಿಪೇಟೆಯಲ್ಲೇ ಇದೆ. ‘ಹಾಕ್ಲೋ, ಬ್ಯಾಡೋ ತಮ್ಮಾ?’ ಎಂದು ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಾನೆ.